ತಗಡು ಕಲಿಸಿದ ಪಾಠ

ವಿದ್ಯೆಯೆಂಬುದು ಪುಸ್ತಕದಿಂದ ಮಾತ್ರ ದೊರೆಯುವುದೆಂದು ನಾನು ಬಹುಕಾಲ ನಂಬಿದ್ದೆನು. ಮೂವತ್ತು ವರ್ಷಗಳಿಗೂ ಮಿಕ್ಕಿ ಕರಿಹಲಗೆಯ ಮುಂದೆ ನಿಂತವನಿಗೆ ಆ ನಂಬಿಕೆ ಸಹಜವೇ. ಅದನ್ನು ತಿದ್ದಿದುದು ತುಕ್ಕು ಹಿಡಿದ ಒಂದು ಹಳೆಯ ವ್ಯಾನು.

1986ರಲ್ಲಿ ನನ್ನ ಅಣ್ಣನು ಒಂದು ಮೆಟಡಾರ್ ವ್ಯಾನನ್ನು ಕೊಂಡನು. ಜರ್ಮನಿಯ ವಿನ್ಯಾಸವನ್ನು ಅನುಸರಿಸಿ ನಮ್ಮ ದೇಶದಲ್ಲೇ ತಯಾರಾಗುತ್ತಿದ್ದ ಈ ವ್ಯಾನುಗಳು ಆ ಕಾಲದಲ್ಲಿ ಊರೂರುಗಳಲ್ಲಿ ಓಡಾಡುತ್ತಿದ್ದವು. ಸಂತೆಗೆ ತರಕಾರಿ, ಮದುವೆಗೆ ದಿಬ್ಬಣ, ಆಸ್ಪತ್ರೆಗೆ ರೋಗಿ, ಎಲ್ಲವನ್ನೂ ಅದು ಹೊತ್ತಿತು. ಅಣ್ಣನು ತೀರಿಕೊಂಡ ಬಳಿಕ ಹುಣಸೆಯ ಮರದ ಕೆಳಗೆ ಹತ್ತು ಮಳೆಗಾಲಗಳನ್ನು ಕಳೆಯಿತು. ಗುಜರಿಯವನು ಅದಕ್ಕೆ ತೂಕದ ಲೆಕ್ಕದಲ್ಲಿ ಬೆಲೆ ಕಟ್ಟಿದಾಗ ನನ್ನ ಮನಸ್ಸು ಒಪ್ಪಲಿಲ್ಲ.

ಪೇಟೆಯ ಗ್ಯಾರೇಜಿನಲ್ಲಿ ಟಿಂಕರಿಂಗ್ ಮಾಡುವ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದೆನು. ಅವನು ಎದ್ದು ಕೈಮುಗಿದು, “ಗುರುತು ಸಿಕ್ಕಲಿಲ್ಲವೇ ಮೇಷ್ಟ್ರೇ? ಒಂಬತ್ತನೆಯ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದೆ” ಎಂದನು. ನೆನಪಾಯಿತು. ಅವನ ಉತ್ತರಪತ್ರಿಕೆಯ ಮೇಲೆ ‘ಕಲಿಯಲು ಅಸಮರ್ಥ’ ಎಂದು ಕೆಂಪು ಶಾಯಿಯಲ್ಲಿ ಬರೆದವನು ನಾನೇ. ಆ ವರ್ಷವೇ ಅವನು ಶಾಲೆ ಬಿಟ್ಟಿದ್ದನು.

ವ್ಯಾನಿನ ಬಾಗಿಲಿನ ಅಡಿಯಲ್ಲಿ ಬಣ್ಣ ಉಬ್ಬಿದ ಕಡೆ ಅವನು ಸ್ಕ್ರೂಡ್ರೈವರಿನಿಂದ ಒತ್ತಿದನು. ಅದು ಹಪ್ಪಳವನ್ನು ಚುಚ್ಚಿದಂತೆ ಒಳಹೊಕ್ಕಿತು. ಕಬ್ಬಿಣವು ನೀರು ಮತ್ತು ಗಾಳಿಯ ಆಮ್ಲಜನಕದೊಡನೆ ಸೇರಿ ತುಕ್ಕಾಗುತ್ತದೆ. ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ಉಬ್ಬಿ, ಪದರುಪದರಾಗಿ ಕಳಚಿ, ಒಳಗಿನ ಲೋಹವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. “ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಕಣ್ಣಿಗೆ ಚೆನ್ನ, ಒಳಗೆ ತಿನ್ನುತ್ತಲೇ ಇರುತ್ತದೆ. ಗಟ್ಟಿ ತಗಡು ಸಿಕ್ಕುವವರೆಗೆ ಕತ್ತರಿಸಲೇಬೇಕು” ಎಂದನು. ಹಳೆಯ ಭಾಗಗಳು ಅಂಗಡಿಯಲ್ಲಿ ದೊರೆಯುತ್ತಿರಲಿಲ್ಲ. ಸುಮಾರು ಒಂದು ಮಿಲಿಮೀಟರ್ ದಪ್ಪದ ತಗಡಿನಿಂದ ಅವುಗಳನ್ನು ಕೈಯಿಂದಲೇ ರೂಪಿಸಬೇಕಾಗಿದ್ದಿತು. “ನನಗೂ ಕಲಿಸುವೆಯಾ?” ಎಂದು ಕೇಳಿದೆನು. ಅವನು ನಕ್ಕು ಮರದ ಕೊಡತಿಯನ್ನು ನನ್ನ ಕೈಗಿತ್ತನು.

ಚಪ್ಪಟೆ ತಗಡು ಬಟ್ಟಲಿನಂತೆ ಬಾಗುವುದು ಹೇಗೆ? ರೊಟ್ಟಿಯನ್ನು ತಟ್ಟಿದಷ್ಟೂ ಅದು ತೆಳುವಾಗಿ ಅಗಲವಾಗುವುದಷ್ಟೆ. ತಗಡೂ ಹಾಗೆಯೇ. ನಡುಭಾಗ ಮಾತ್ರ ಹಿಗ್ಗಿ, ಅಂಚು ಹಿಗ್ಗದಿದ್ದರೆ, ಹೆಚ್ಚಾದ ಅಗಲಕ್ಕೆ ಎಡೆಯಿಲ್ಲದೆ ಅದು ಗುಳಿಯಾಗುತ್ತದೆ. ಮರಳು ತುಂಬಿದ ಚರ್ಮದ ಚೀಲದ ಮೇಲೆ ತಗಡನ್ನಿಟ್ಟು, ಸಾಲುಸಾಲಾಗಿ ಕೊಡತಿಯಿಂದ ಬಡಿಯಬೇಕು. ಅಂಚಿನಲ್ಲಿ ಏಳುವ ನೆರಿಗೆಗಳನ್ನು ಆಗಾಗ ತಟ್ಟಿ ಕುಗ್ಗಿಸಬೇಕು. ಬಳಿಕ ಡಾಲಿ ಎಂಬ ಉಕ್ಕಿನ ಗುಂಡನ್ನು ಒಳಗೆ ಒತ್ತಿ ಹಿಡಿದು, ಹೊರಗಿನಿಂದ ಹಗುರವಾಗಿ ಸುತ್ತಿಗೆಯಾಡಿಸಿ ನುಣುಪು ಮಾಡಬೇಕು. ಏರುತಗ್ಗು ಕಣ್ಣಿಗಿಂತ ಅಂಗೈಗೆ ಬೇಗ ತಿಳಿಯುತ್ತದೆ.

ನಾನಾದರೋ ಬಲ ಹಾಕಿ ಒಂದೇ ಕಡೆ ಬಡಿದೆನು. ತಗಡು ಸೀಳಿತು. ಮೂರನೆಯದೂ ಸೀಳಿದಾಗ ಅವನು ಮೆಲ್ಲನೆ ಹೇಳಿದನು: “ಬಡಿದಷ್ಟೂ ಅದು ಗಡುಸಾಗುತ್ತದೆ ಮೇಷ್ಟ್ರೇ. ಆಗ ಏಟು ನಿಲ್ಲಿಸಿ, ಕೆಂಪಗೆ ಕಾಯಿಸಿ, ನಿಧಾನವಾಗಿ ಆರಲು ಬಿಡಬೇಕು. ಮತ್ತೆ ಮೆತ್ತಗಾಗಿ ಮಾತು ಕೇಳುತ್ತದೆ.” ಅವನು ಹೇಳಿದುದು ತಗಡಿನ ವಿಷಯವನ್ನೇ. ಆದರೆ ನನ್ನ ಕಣ್ಣ ಮುಂದೆ ಕೊನೆಯ ಬೆಂಚು ನಿಂತಿತು. ಅಲ್ಲಿ ನಾನು ಬಡಿದಿದ್ದೆನೇ ಹೊರತು ಆರಲು ಬಿಟ್ಟಿರಲಿಲ್ಲ.

ನಾಲ್ಕನೆಯ ತುಂಡು ಕೂಡಿಬಂದಿತು. ಒಂದೇ ಸಮನೆ ಬೆಸುಗೆ ಹಾಕಿದರೆ ಶಾಖಕ್ಕೆ ತಗಡು ಸೊಟ್ಟಗಾಗುತ್ತದೆಂದು ಅವನು ದೂರದೂರದಲ್ಲಿ ಚುಕ್ಕಿಯಿಟ್ಟಂತೆ ಬೆಸೆದು, ಆರಿದ ಮೇಲೆ ನಡುವಣ ಎಡೆಗಳನ್ನು ತುಂಬಿದನು.

ಎಂಟು ತಿಂಗಳ ಬಳಿಕ ಅಣ್ಣನ ವ್ಯಾನು ಮತ್ತೆ ರಸ್ತೆಗಿಳಿಯಿತು. ನಾನು ಕೆಡಿಸಿದ ಮೂರು ತಗಡುಗಳು ಇಂದಿಗೂ ನನ್ನ ಮೇಜಿನ ಬಳಿ ಇವೆ. ನನ್ನ ಗುರುವು ಅವುಗಳ ಮೇಲೆ ಏನನ್ನೂ ಬರೆಯಲಿಲ್ಲ. ಮತ್ತೊಂದು ತಗಡನ್ನು ಕೈಗಿತ್ತನು, ಅಷ್ಟೆ.

ಅಭ್ಯಾಸ
1. ತುಕ್ಕಿನ ಮೇಲೆ ಪುಟ್ಟಿ ಮೆತ್ತುವುದು ಏಕೆ ಸಾಲದು?
2. ಚಪ್ಪಟೆ ತಗಡು ಗುಳಿಯಾಗುವ ಬಗೆಯನ್ನು ವಿವರಿಸಿರಿ.
3. ಲೇಖಕರು ಕೆಡಿಸಿದ ತಗಡುಗಳನ್ನು ಏಕೆ ಉಳಿಸಿಕೊಂಡಿರಬಹುದು?