ವೈದ್ಯರಿಗೆ ವೆಚ್ಚಪಟ್ಟಿಯ ಪಾಠ

ಔಷಧ ಹಾಗೂ ವೈದ್ಯಕೀಯ ಉಪಕರಣಗಳ ಕಂಪನಿಗಳಲ್ಲಿ ದುಡಿಯುವ ವೈದ್ಯರು, ದಾದಿಯರು ರೋಗಿಯ ಅಗತ್ಯವನ್ನು ಬಲ್ಲರು; ಅದನ್ನು ಆಡಳಿತ ಮಂಡಳಿಯ ಮುಂದೆ ಲೆಕ್ಕದ ಭಾಷೆಯಲ್ಲಿ ಮಂಡಿಸುವ ಅಭ್ಯಾಸ ಅವರಿಗಿರುವುದಿಲ್ಲ. ಸಾಮಾಜಿಕ ನಾವೀನ್ಯದ ತರಬೇತಿ ಇಲ್ಲಿಂದಲೇ ಆರಂಭವಾಗಬೇಕು.

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಅಳವಡಿಸುವ ಮಸೂರದ ಆಮದು ಬೆಲೆ ಬಡವರಿಗೆ ನಿಲುಕದಿದ್ದಾಗ, ಮಧುರೆಯ ಅರವಿಂದ ಕಣ್ಣಿನ ಆಸ್ಪತ್ರೆಯ ವೈದ್ಯರು 1992ರಲ್ಲಿ ಆರೋಲ್ಯಾಬ್ ಎಂಬ ತಯಾರಿಕಾ ಘಟಕವನ್ನು ಸ್ಥಾಪಿಸಿದರು. ಮಸೂರದ ಬೆಲೆ ಆಮದು ಬೆಲೆಯ ಅಲ್ಪ ಭಾಗಕ್ಕಿಳಿಯಿತು. ಘಟಕವು ದೇಣಿಗೆಯನ್ನು ನೆಚ್ಚದೆ ಮಾರಾಟದ ಆದಾಯದಿಂದಲೇ ನಡೆಯುತ್ತಿದೆ ಎಂಬುದು ಗಮನಾರ್ಹ.

ಕಂಪನಿಗಳಲ್ಲಾದರೋ ಇಂತಹ ಪ್ರಸ್ತಾವವನ್ನು ಕಂಪನಿ ಕಾಯಿದೆ, 2013ರ 135ನೇ ಕಲಮಿನ ಸಾಮಾಜಿಕ ಹೊಣೆಗಾರಿಕೆಯ ಶೇ. 2ರ ಖಾತೆಗೆ ತಳ್ಳುವ ಪ್ರವೃತ್ತಿಯುಂಟು. ಇದು ಸಲ್ಲದು. ಕಂಪನಿಯ ಎಂದಿನ ವ್ಯವಹಾರದ ಚಟುವಟಿಕೆಯು ನಿಯಮದಂತೆ ಆ ವೆಚ್ಚದಲ್ಲಿ ಸೇರದು. ಮೇಲಾಗಿ, ಆ ಮೊತ್ತವು ಲಾಭದೊಡನೆಯೇ ಕುಗ್ಗುತ್ತದೆ.

ಆದುದರಿಂದ ವೆಚ್ಚಪಟ್ಟಿಯನ್ನು ಶಿಬಿರಾರ್ಥಿಯೇ ಸಿದ್ಧಪಡಿಸಬೇಕು. ಉದಾಹರಣೆಗೆ, ಉತ್ಪನ್ನವೊಂದರ ಬೆಲೆ 100 ರೂ., ಚರ ವೆಚ್ಚ 40 ರೂ. ಇರಲಿ. ಬೆಲೆಯನ್ನು 50 ರೂ.ಗೆ ಇಳಿಸಿದರೆ ಪ್ರತಿ ಘಟಕಕ್ಕೆ ಉಳಿಯುವ ಮೊತ್ತ 60ರಿಂದ 10ಕ್ಕೆ ಕುಸಿಯುತ್ತದೆ. ಮೊದಲಿನಷ್ಟೇ ಉಳಿಯಬೇಕಾದರೆ ಮಾರಾಟ ಆರು ಪಟ್ಟಾಗಬೇಕು. ಚರ ವೆಚ್ಚವನ್ನು 20 ರೂ.ಗೆ ತಂದರೆ ಎರಡು ಪಟ್ಟು ಸಾಕು. ಉಪಕರಣದ ಯಾವ ಭಾಗವನ್ನು ಕೈಬಿಟ್ಟರೂ ರೋಗಿಗೆ ಬಾಧಕವಿಲ್ಲವೆಂದು ಹೇಳಬಲ್ಲವರು ವೈದ್ಯರೇ ಹೊರತು ಲೆಕ್ಕಿಗರಲ್ಲ.