ಏರಿನ ಲೆಕ್ಕ: ಬಾತ್ ನಗರದ ಸುತ್ತಣ ಬೈಸಿಕಲ್ ದಾರಿಗಳು

ಇಂಗ್ಲೆಂಡಿನ ನೈರುತ್ಯ ಭಾಗದಲ್ಲಿ ಏವನ್ ನದಿಯ ದಂಡೆಯ ಮೇಲೆ ಬಾತ್ ಎಂಬ ಪಟ್ಟಣವಿದೆ. ಸ್ನಾನವೆಂಬ ಅರ್ಥದ ಈ ಹೆಸರು ಅದಕ್ಕೆ ಬಂದುದು ಅಲ್ಲಿಯ ಬಿಸಿನೀರಿನ ಬುಗ್ಗೆಗಳಿಂದ. 46 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಸುಮಾರು 11,70,000 ಲೀಟರು ನೀರು ಪ್ರತಿದಿನವೂ ಅಲ್ಲಿ ಉಕ್ಕುತ್ತದೆ. ದಕ್ಷಿಣದ ಮೆಂಡಿಪ್ ಬೆಟ್ಟಗಳ ಮೇಲೆ ಸುರಿದ ಮಳೆಯು ಸುಣ್ಣಕಲ್ಲಿನ ಪದರಗಳಲ್ಲಿ ಇಂಗಿ, ಎರಡು ಕಿಲೊಮೀಟರಿಗೂ ಮೀರಿದ ಆಳದಲ್ಲಿ ಭೂಗರ್ಭದ ಶಾಖದಿಂದ ಕಾದು, ಶಿಲೆಯ ಬಿರುಕುಗಳ ಮೂಲಕ ಇಲ್ಲಿ ಮೇಲಕ್ಕೆ ಬರುತ್ತದೆಂದು ಭೂವಿಜ್ಞಾನಿಗಳು ವಿವರಿಸುತ್ತಾರೆ. ರೋಮನರು ಕ್ರಿಸ್ತಶಕ ಮೊದಲನೆಯ ಶತಮಾನದಲ್ಲೇ ಈ ಬುಗ್ಗೆಯ ಸುತ್ತ ಸ್ನಾನಗೃಹಗಳನ್ನು ಕಟ್ಟಿದರು.

ಬುಗ್ಗೆಗಳು ಕಣಿವೆಯ ತಳದಲ್ಲಿರುವುದರಿಂದ ಊರೂ ಕಣಿವೆಯಲ್ಲಿಯೇ ಬೆಳೆಯಿತು. ಸುತ್ತಲೂ ಬೆಟ್ಟಗಳು. ಉತ್ತರದ ಲ್ಯಾನ್ಸ್‌ಡೌನ್ ಬೆಟ್ಟದ ನೆತ್ತಿಯು ನದಿಯ ಮಟ್ಟದಿಂದ ಸುಮಾರು 200 ಮೀಟರು ಎತ್ತರದಲ್ಲಿದೆ. ಇಂಥ ಊರು ಬೈಸಿಕಲ್ ಪ್ರವಾಸಕ್ಕೆ ತಕ್ಕುದಲ್ಲವೆಂದು ಯಾರಿಗಾದರೂ ತೋರುವುದು ಸಹಜ. ಆದರೂ ಬ್ರಿಟನ್ನಿನಲ್ಲಿ ಪ್ರಸಿದ್ಧವಾದ ಬೈಸಿಕಲ್ ದಾರಿಗಳಲ್ಲಿ ಕೆಲವು ಈ ಊರಿನಿಂದಲೇ ಹೊರಡುತ್ತವೆ. ಇದು ಹೇಗೆ ಸಾಧ್ಯವಾಯಿತು? ಇದನ್ನು ತಿಳಿಯಲು ನಾವು ಮೊದಲು ಸ್ವಲ್ಪ ಲೆಕ್ಕ ಮಾಡಬೇಕು.

ಸವಾರನು ತೆರುವ ಬೆಲೆ

ಬೈಸಿಕಲ್ ಸವಾರನನ್ನು ತಡೆಯುವ ಬಲಗಳು ಮುಖ್ಯವಾಗಿ ಮೂರು. ಮೊದಲನೆಯದು, ಉರುಳುವ ಚಕ್ರಕ್ಕೆ ನೆಲದಿಂದ ಒದಗುವ ತಡೆ. ಎರಡನೆಯದು, ಗಾಳಿಯ ತಡೆ. ಮೂರನೆಯದು, ಏರಿನಲ್ಲಿ ಹಿಂದಕ್ಕೆಳೆಯುವ ಗುರುತ್ವಾಕರ್ಷಣೆ. ಸವಾರನು, ಅವನ ಬೈಸಿಕಲ್ಲು ಮತ್ತು ಗಂಟುಮೂಟೆ ಎಲ್ಲವೂ ಸೇರಿ 80 ಕಿಲೊಗ್ರಾಂ ಎಂದಿಟ್ಟುಕೊಳ್ಳೋಣ. ಇವುಗಳ ತೂಕ ಸುಮಾರು 784 ನ್ಯೂಟನ್. ಒಳ್ಳೆಯ ದಾರಿಯಲ್ಲಿ ಚಕ್ರದ ತಡೆ ಸುಮಾರು 5 ನ್ಯೂಟನ್. ಗಂಟೆಗೆ 18 ಕಿಲೊಮೀಟರು, ಎಂದರೆ ಸೆಕೆಂಡಿಗೆ 5 ಮೀಟರು ವೇಗದಲ್ಲಿ ನೆಟ್ಟಗೆ ಕುಳಿತು ಸಾಗುವವನಿಗೆ ಗಾಳಿಯ ತಡೆ ಸುಮಾರು 9 ನ್ಯೂಟನ್. ಒಟ್ಟು 14 ನ್ಯೂಟನ್. ಇದನ್ನು ವೇಗದಿಂದ ಗುಣಿಸಿದರೆ ಬೇಕಾಗುವ ಸಾಮರ್ಥ್ಯ 70 ವ್ಯಾಟ್ ಎಂದಾಗುತ್ತದೆ. ಆರೋಗ್ಯವಂತನಾದ ಯುವಕನು ಇಷ್ಟನ್ನು ಗಂಟೆಗಟ್ಟಲೆ ನೀಡಬಲ್ಲನು.

ಈಗ ದಾರಿ ಏರತೊಡಗಲಿ. 50 ಮೀಟರು ಸಾಗಿದಾಗ 1 ಮೀಟರು ಎತ್ತರವಾದರೆ ಅದನ್ನು 50ಕ್ಕೆ 1ರ ಏರು ಎನ್ನುತ್ತೇವೆ. ಅಂಥಲ್ಲಿ ಗುರುತ್ವಾಕರ್ಷಣೆಯು ತೂಕದ ಐವತ್ತನೆಯ ಒಂದು ಪಾಲಿನಷ್ಟು, ಎಂದರೆ ಸುಮಾರು 16 ನ್ಯೂಟನ್ ಬಲದಿಂದ ಹಿಂದಕ್ಕೆಳೆಯುತ್ತದೆ. ಕಣ್ಣಿಗೆ ಏರೆಂದೇ ತೋರದ ಈ ದಾರಿಯಲ್ಲಿ ಅದೇ ವೇಗವನ್ನು ಉಳಿಸಿಕೊಳ್ಳಲು 150 ವ್ಯಾಟ್ ಬೇಕು. ಮೊದಲಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. 10ಕ್ಕೆ 1ರ ಏರಿನಲ್ಲಾದರೋ 460 ವ್ಯಾಟ್ ಬೇಕಾಗುತ್ತದೆ. ಸಾಮಾನ್ಯ ಸವಾರನು ಇದನ್ನು ಹೆಚ್ಚು ಹೊತ್ತು ನೀಡಲಾರನು. ಅವನು 100 ವ್ಯಾಟ್ ಮಾತ್ರ ವ್ಯಯಿಸುವೆನೆಂದರೆ ಅವನ ವೇಗ ಗಂಟೆಗೆ ನಾಲ್ಕೈದು ಕಿಲೊಮೀಟರಿಗೆ ಇಳಿಯುತ್ತದೆ. ಅದು ನಡಿಗೆಯ ವೇಗ. ಅಷ್ಟು ನಿಧಾನದಲ್ಲಿ ಬೈಸಿಕಲ್ಲಿನ ಸಮತೋಲವನ್ನು ಕಾಯ್ದುಕೊಳ್ಳುವುದೇ ಕಷ್ಟ.

ಲ್ಯಾನ್ಸ್‌ಡೌನ್ ಬೆಟ್ಟದ 200 ಮೀಟರುಗಳನ್ನು ಏರಲು ಈ ಸವಾರನು ಗುರುತ್ವಾಕರ್ಷಣೆಯೊಂದಕ್ಕೇ ಸುಮಾರು 1,57,000 ಜೂಲ್ ಶಕ್ತಿಯನ್ನು ತೆರಬೇಕು. ಅಷ್ಟೇ ಶಕ್ತಿಯಿಂದ ಅವನು ಮಟ್ಟಸ ದಾರಿಯಲ್ಲಿ ಸುಮಾರು 11 ಕಿಲೊಮೀಟರು ಹೋಗಬಹುದಾಗಿತ್ತು. ಆದಕಾರಣ ಪ್ರವಾಸದ ದಾರಿಯನ್ನು ಆರಿಸುವಾಗ ಎಷ್ಟು ದೂರ ಎಂಬ ಪ್ರಶ್ನೆಯೊಂದೇ ಸಾಲದು. ಎಷ್ಟು ಏರು ಎಂಬುದನ್ನೂ ಕೇಳಬೇಕು.

ಏರಿಗೆ ಅಂಜಿದ ವಾಹನಗಳು

ಬೈಸಿಕಲ್ಲಿಗಿಂತಲೂ ಹೆಚ್ಚಾಗಿ ಏರಿಗೆ ಅಂಜುವ ವಾಹನಗಳಿವೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ತಡೆ ಅತ್ಯಲ್ಪ. ಒಂದು ಟನ್ ಭಾರವನ್ನು ಮಟ್ಟಸ ಹಳಿಯ ಮೇಲೆ ನಿಧಾನವಾಗಿ ಎಳೆಯಲು ಸುಮಾರು 20 ನ್ಯೂಟನ್ ಬಲ ಸಾಕು. ಆದರೆ 50ಕ್ಕೆ 1ರ ಏರಿನಲ್ಲಿ ಗುರುತ್ವಾಕರ್ಷಣೆಯು ಅದಕ್ಕೆ ಸುಮಾರು 196 ನ್ಯೂಟನ್ ಕೂಡಿಸುತ್ತದೆ. ಎಳೆತವು ಹನ್ನೊಂದು ಪಟ್ಟಿನಷ್ಟಾಗುತ್ತದೆ. ವಾಹನವು ಮಟ್ಟಸ ನೆಲದಲ್ಲಿ ಎಷ್ಟು ಸುಲಭವಾಗಿ ಸಾಗುವುದೋ ಏರು ಅದಕ್ಕೆ ಅಷ್ಟೇ ದೊಡ್ಡ ಶತ್ರು. ಆದುದರಿಂದಲೇ ರೈಲು ಇಂಜಿನಿಯರುಗಳು ಬೆಟ್ಟವನ್ನು ಕಡಿದರು, ತಗ್ಗನ್ನು ತುಂಬಿದರು, ಸುರಂಗಗಳನ್ನು ಕೊರೆದರು.

ಕಾಲುವೆಯ ದೋಣಿಗೆ ಏರು ಸರ್ವಥಾ ಸಲ್ಲದು, ಏಕೆಂದರೆ ನಿಂತ ನೀರಿನ ಮೇಲ್ಮೈ ಸಮಮಟ್ಟವಾಗಿಯೇ ಇರುತ್ತದೆ. ಮಟ್ಟ ಬದಲಾಗಬೇಕಾದಲ್ಲಿ ‘ಲಾಕ್’ ಎಂಬ, ಎರಡೂ ಕೊನೆಗಳಲ್ಲಿ ಬಾಗಿಲುಳ್ಳ ನೀರಿನ ಕೋಣೆಯನ್ನು ಕಟ್ಟಿ, ಅದರಲ್ಲಿ ನೀರು ತುಂಬಿ ದೋಣಿಯನ್ನು ಮೇಲಕ್ಕೆತ್ತುತ್ತಾರೆ. ಹಿಂದೆ ದೋಣಿಗಳನ್ನು ದಡದ ಮೇಲೆ ನಡೆಯುತ್ತಿದ್ದ ಕುದುರೆಗಳು ಎಳೆಯುತ್ತಿದ್ದವು. ಆ ಕುದುರೆದಾರಿಯೂ ಕಾಲುವೆಯಂತೆಯೇ ಮಟ್ಟಸವಾಗಿರುತ್ತಿತ್ತು. ಲಾರಿ ಮತ್ತು ಕಾರುಗಳ ಕಾಲ ಬಂದ ಮೇಲೆ ಇಂಥ ಕಾಲುವೆಗಳೂ ಹಲವು ರೈಲುದಾರಿಗಳೂ ಉಪಯೋಗ ತಪ್ಪಿದವು. ಉಳಿದ ಆ ಸೌಮ್ಯವಾದ ದಾರಿಗಳೇ ಇಂದು ಬೈಸಿಕಲ್ ಸವಾರರ ಪಾಲಿಗೆ ಬಂದಿವೆ.

ಮೂರು ದಾರಿಗಳು

ಮೊದಲನೆಯದು ಪಶ್ಚಿಮಕ್ಕೆ, ಬ್ರಿಸ್ಟಲ್ ನಗರಕ್ಕೆ ಹೋಗುವ ದಾರಿ. ಇದರ ಉದ್ದ ಸುಮಾರು 21 ಕಿಲೊಮೀಟರು. ಇದು ಹಿಂದಿನ ಮಿಡ್‌ಲ್ಯಾಂಡ್ ರೈಲ್ವೆಯ ಮಾರ್ಗ. 1977ರಲ್ಲಿ ಬ್ರಿಸ್ಟಲಿನಲ್ಲಿ ಹುಟ್ಟಿ, ಮುಂದೆ ಸಸ್ಟ್ರಾನ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಸಂಘವು ಸ್ವಯಂಸೇವಕರ ನೆರವಿನಿಂದ 1979 ಮತ್ತು 1986ರ ನಡುವೆ ಇದನ್ನು ಬೈಸಿಕಲ್ ಮತ್ತು ಕಾಲ್ನಡಿಗೆಯ ದಾರಿಯಾಗಿ ಮಾರ್ಪಡಿಸಿತು. ದಾರಿಯು ಏವನ್ ನದಿಯನ್ನು ಹಲವೆಡೆ ಹಳೆಯ ರೈಲುಸೇತುವೆಗಳ ಮೇಲೆ ದಾಟುತ್ತದೆ. ನದಿ ಬಳುಕುತ್ತದೆ, ರೈಲುದಾರಿ ಬಳುಕಲೊಲ್ಲದು. ಬ್ರಿಸ್ಟಲಿನ ಕಡೆ ಸ್ಟೇಪಲ್ ಹಿಲ್ ಎಂಬಲ್ಲಿ 471 ಮೀಟರು ಉದ್ದದ ಸುರಂಗವಿದೆ. ಹೊಸದಾಗಿ ಪ್ರವಾಸಕ್ಕೆ ತೊಡಗುವವರು ಈ ದಾರಿಯಿಂದ ಆರಂಭಿಸುವುದು ಲೇಸು.

ಎರಡನೆಯದು ಪೂರ್ವಕ್ಕೆ, ಕೆನೆಟ್ ಮತ್ತು ಏವನ್ ಕಾಲುವೆಯ ದಂಡೆ. ಜಾನ್ ರೆನಿ ಎಂಬ ಇಂಜಿನಿಯರನ ಮೇಲ್ವಿಚಾರಣೆಯಲ್ಲಿ ಕಟ್ಟಲಾದ ಈ ಕಾಲುವೆಯು 1810ರಲ್ಲಿ ಪೂರ್ಣವಾಯಿತು. ಕಾಲಾಂತರದಲ್ಲಿ ಪಾಳುಬಿದ್ದು, ಜೀರ್ಣೋದ್ಧಾರಗೊಂಡು 1990ರಲ್ಲಿ ಮತ್ತೆ ಪೂರ್ತಿಯಾಗಿ ತೆರೆಯಿತು. ಬಾತಿನ ಲಾಕುಗಳನ್ನು ದಾಟಿ ಮೇಲೆ ಬಂದರೆ, ಮುಂದೆ ಬ್ರಾಡ್‌ಫರ್ಡ್-ಆನ್-ಏವನ್ ಎಂಬ ಊರಿನವರೆಗೆ ಸುಮಾರು 14 ಕಿಲೊಮೀಟರು ಒಂದು ಲಾಕೂ ಇಲ್ಲ. ಅಷ್ಟು ದೂರವೂ ನೀರು ಒಂದೇ ಮಟ್ಟದಲ್ಲಿದೆ. ನಡುವೆ ಡಂಡಸ್ ಮತ್ತು ಏವನ್‌ಕ್ಲಿಫ್ ಎಂಬೆಡೆಗಳಲ್ಲಿ ಕಾಲುವೆಯೇ ಕಲ್ಲಿನ ಸೇತುವೆಗಳ ಮೇಲೇರಿ ನದಿಯನ್ನು ದಾಟುವ ಸೋಜಿಗವನ್ನು ಕಾಣಬಹುದು. ಕ್ಲಾವರ್ಟನ್ ಎಂಬಲ್ಲಿ 1813ರಲ್ಲಿ ಸಿದ್ಧವಾದ ಯಂತ್ರವು ನದಿಯ ಹರಿವಿನಿಂದಲೇ ತಿರುಗುವ ಚಕ್ರದ ಬಲದಿಂದ ನದಿಯ ನೀರನ್ನು 48 ಅಡಿ ಮೇಲೆತ್ತಿ ಕಾಲುವೆಗೆ ಉಣಿಸುತ್ತಿತ್ತು. ಇನ್ನೂ ಮುಂದೆ, ಡಿವೈಜಿಸ್ ಊರಿನ ಬಳಿ ಕಾಲುವೆಯು 29 ಲಾಕುಗಳ ಮೂಲಕ ಸುಮಾರು 3.2 ಕಿಲೊಮೀಟರಿನಲ್ಲಿ 72 ಮೀಟರು ಏರುತ್ತದೆ. ಸರಾಸರಿ 44ಕ್ಕೆ 1ರ ಏರು! ನೀರು ಓರೆಯಾಗಿ ನಿಲ್ಲಲಾರದ್ದರಿಂದ ಮೆಟ್ಟಿಲು ಹತ್ತಿದೆ. ಅದೇ ಏರನ್ನು ಸವಾರನ ಕಾಲುಗಳು ಅಲ್ಲಿ ಚೆನ್ನಾಗಿ ಗುರುತಿಸುತ್ತವೆ.

ಮೂರನೆಯದು ದಕ್ಷಿಣದ ಜೋಡಿ ಸುರಂಗಗಳ ದಾರಿ. ಸಾಮರ್‌ಸೆಟ್ ಮತ್ತು ಡಾರ್‌ಸೆಟ್ ರೈಲ್ವೆಯು 1874ರಲ್ಲಿ ಬಾತಿಗೆ ಬರಲು ಬೆಟ್ಟವನ್ನು ಕೊರೆಯಬೇಕಾಯಿತು. 1966ರಲ್ಲಿ ಮುಚ್ಚಿಹೋದ ಈ ಮಾರ್ಗವು 2013ರಲ್ಲಿ ಬೈಸಿಕಲ್ ದಾರಿಯಾಗಿ ತೆರೆಯಿತು. ಮೊದಲು 409 ಮೀಟರಿನ ಡೆವನ್‌ಶೈರ್ ಸುರಂಗ, ಬಳಿಕ 1672 ಮೀಟರಿನ ಕೂಮ್ ಡೌನ್ ಸುರಂಗ. ಅಲ್ಲಿಂದ ಮಿಡ್‌ಫರ್ಡ್ ಹಳ್ಳಿಗೆ ಬಂದು, ಮಾಂಕ್ಟನ್ ಕೂಮ್ ಮಾರ್ಗವಾಗಿ ಡಂಡಸ್ ಸೇರಿ, ಕಾಲುವೆಯ ದಂಡೆಯ ಮೇಲೆ ಬಾತಿಗೆ ಮರಳಿದರೆ ಸುಮಾರು 21 ಕಿಲೊಮೀಟರಿನ ಸೊಗಸಾದ ಸುತ್ತು ಮುಗಿಯುತ್ತದೆ.

ಇಳಿಜಾರಿನ ಪಾಠ

ಇಂದು ದೀಪಗಳಿಂದ ಬೆಳಗುವ ಈ ಸುರಂಗದಲ್ಲಿ ಹಿಂದೊಮ್ಮೆ ಘೋರವಾದ ಅನಾಹುತ ನಡೆಯಿತು. 1929ರ ನವೆಂಬರ್ 20ರಂದು ಬಾತಿನ ಕಡೆಗೆ ಬರುತ್ತಿದ್ದ ಸರಕಿನ ರೈಲೊಂದು ಭಾರದಿಂದಾಗಿ ಕೂಮ್ ಡೌನ್ ಸುರಂಗದೊಳಗೆ ತೀರ ನಿಧಾನವಾಗಿ ಏರುತ್ತಿತ್ತು. ಇಕ್ಕಟ್ಟಾದ ಆ ಸುರಂಗದಲ್ಲಿ ಇಂಜಿನಿನ ಹೊಗೆಯೇ ಅದರ ಚಾಲಕರನ್ನು ಮುತ್ತಿ ಅವರು ಪ್ರಜ್ಞೆ ತಪ್ಪಿದರು. ರೈಲು ನೆತ್ತಿಯನ್ನು ದಾಟಿ, ತಡೆಯುವವರಿಲ್ಲದೆ 50ಕ್ಕೆ 1ರ ಇಳಿಜಾರಿನಲ್ಲಿ ಧಾವಿಸಿ, ಬಾತಿನ ಸರಕಿನ ಅಂಗಳದಲ್ಲಿ ಅಪ್ಪಳಿಸಿತು. ಮೂವರು ಮಡಿದರು.

ಸವಾರನಿಗೆ ಮಂದವೆನಿಸುವ ಇಳಿಜಾರು ರೈಲನ್ನು ಹೀಗೆ ಓಡಿಸಿದುದೇಕೆ? ಹಳಿಯ ತಡೆ ಅತ್ಯಲ್ಪವಾದುದರಿಂದ, ಇಂಜಿನಿನ ಬಲವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಅಂಥ ಇಳಿಜಾರಿನಲ್ಲಿ ನಿಂತಲ್ಲಿಂದ ಹೊರಟ ರೈಲು ಒಂದೇ ನಿಮಿಷದಲ್ಲಿ ಗಂಟೆಗೆ ಸುಮಾರು 38 ಕಿಲೊಮೀಟರು ವೇಗವನ್ನು ಮುಟ್ಟಬಲ್ಲದು. ಮುಂದೆಯೂ ವೇಗ ಏರುತ್ತಲೇ ಇರುತ್ತದೆ. ನಮ್ಮ ಸವಾರನಾದರೋ ಪೆಡಲು ತುಳಿಯದೆ ಅಲ್ಲಿ ಇಳಿದರೆ, ವೇಗವು ಗಂಟೆಗೆ ಸುಮಾರು 20 ಕಿಲೊಮೀಟರಿಗೆ ಸ್ಥಿರವಾಗುತ್ತದೆ. ಗಾಳಿಯು ಅವನನ್ನು ಹಿಡಿದು ನಿಲ್ಲಿಸುತ್ತದೆ. ಆದರೆ 10ಕ್ಕೆ 1ರ ಇಳಿಜಾರಿನಲ್ಲಿ ಅವನ ವೇಗವೂ 50 ಕಿಲೊಮೀಟರನ್ನು ಮುಟ್ಟಬಹುದು. ಬಾತಿನ ಬೆಟ್ಟಗಳಿಂದ ಇಳಿಯುವವನು ಬ್ರೇಕುಗಳನ್ನು ಪರೀಕ್ಷಿಸಿಯೇ ಹೊರಡಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ. ಕಾಲುವೆಯ ದಂಡೆಯಲ್ಲಿ ಇಳಿಜಾರಿಲ್ಲದಿದ್ದರೂ ದಾರಿ ಕಿರಿದು, ಪಕ್ಕದಲ್ಲೇ ನೀರು. ಅಲ್ಲಿ ನಡೆಯುವವರಿಗೆ ಮೊದಲು ದಾರಿಬಿಡುವುದು ಸವಾರನ ಕರ್ತವ್ಯ.

ಈ ನಿಯಮಗಳು ಬಾತಿನಲ್ಲಿರುವಂತೆಯೇ ನಮ್ಮ ಊರುಗಳಲ್ಲೂ ನಡೆಯುತ್ತವೆ. ವಿದ್ಯಾರ್ಥಿಗಳು ಒಂದು ಮೀಟರು ಉದ್ದದ ನೆಟ್ಟನೆಯ ಹಲಗೆಯನ್ನೂ ಗಾರೆಯವರ ರಸಮಟ್ಟವನ್ನೂ ತೆಗೆದುಕೊಂಡು ತಮ್ಮ ಬೀದಿಯ ಏರನ್ನು ಅಳೆಯಲಿ. ಹಲಗೆಯನ್ನು ಮಟ್ಟಸವಾಗಿ ಹಿಡಿದಾಗ ಅದರ ತಗ್ಗಿನ ಕಡೆಯ ತುದಿ ನೆಲದಿಂದ 2 ಸೆಂಟಿಮೀಟರು ಮೇಲಿದ್ದರೆ ಅದು 50ಕ್ಕೆ 1ರ ಏರು. ತುಳಿಯದೆ ಬಿಟ್ಟ ಬೈಸಿಕಲ್ಲು ವೇಗವನ್ನು ಹೆಚ್ಚಿಸದೆ, ಕುಂದಿಸದೆ ಮೆಲ್ಲನೆ ಉರುಳುತ್ತಲೇ ಇರುವ ಇಳಿಜಾರನ್ನು ಹುಡುಕಲಿ. ನಮ್ಮ ಲೆಕ್ಕದಂತೆ ಅದು 150ಕ್ಕೆ 1ರ ಆಸುಪಾಸಿನಲ್ಲಿರಬೇಕು. ಅದಕ್ಕಿಂತ ಕಡಿದಾದ ಇಳಿಜಾರು ಬೇಕಾಯಿತೆಂದರೆ, ಟಯರಿಗೆ ಗಾಳಿ ತುಂಬಿ ಮತ್ತೊಮ್ಮೆ ಪರೀಕ್ಷಿಸಲಿ.