ಬದುಕುಳಿಯುವ ಆಟವೂ ತಲಪರಿಗೆಯ ನೀರೂ

ಆಟವೆಂದರೆ ಹೊತ್ತು ಕಳೆಯುವ ಸಾಧನವೆಂದು ಹಿರಿಯರು ಭಾವಿಸುವುದುಂಟು. ಹಿರಿಯರ ಮಾತೆಂದರೆ ಮುಗಿದುಹೋದ ಕಾಲದ ಕಥೆಯೆಂದು ಕಿರಿಯರು ಭಾವಿಸುವುದೂ ಉಂಟು. ಈ ಎರಡು ಭಾವನೆಗಳೂ ಪೂರ್ಣ ಸತ್ಯವಲ್ಲವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಅದಕ್ಕಾಗಿ ಎರಡು ವಿಷಯಗಳನ್ನು ಎತ್ತಿಕೊಂಡಿದ್ದೇನೆ. ಒಂದು, ಇಂದಿನ ಮಕ್ಕಳು ಮೊಬೈಲಿನಲ್ಲಿ ಹಲವರು ಕೂಡಿ ಆಡುವ ಬದುಕುಳಿಯುವ ಆಟ. ಇನ್ನೊಂದು, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ನಮ್ಮ ಪೂರ್ವಿಕರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ತಲಪರಿಗೆ. ಮೇಲ್ನೋಟಕ್ಕೆ ಇವೆರಡಕ್ಕೂ ಸಂಬಂಧವೇ ಇಲ್ಲ. ಆದರೆ ಎರಡೂ ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ಇರುವ ಸ್ವಲ್ಪದರಲ್ಲಿ ಹಲವರು ಕೂಡಿ ಬದುಕುವುದು ಹೇಗೆ?

ಆಟದ ಸ್ವರೂಪ

ಈ ಜಾತಿಯ ಆಟಗಳಲ್ಲಿ ಬಹು ಪ್ರಸಿದ್ಧವಾದುದು ಮೈನ್‌ಕ್ರಾಫ್ಟ್. ಸ್ವೀಡನ್ ದೇಶದ ಮಾರ್ಕಸ್ ಪರ್ಸನ್ ಎಂಬುವರು ಇದನ್ನು 2009ರಲ್ಲಿ ಮೊದಲು ಜನರ ಮುಂದಿಟ್ಟರು. 2011ರಲ್ಲಿ ಅದರ ಪೂರ್ಣ ರೂಪ ಹೊರಬಂದಿತು. 2023ರ ವೇಳೆಗೆ 30 ಕೋಟಿಗೂ ಮೇಲ್ಪಟ್ಟು ಪ್ರತಿಗಳು ಮಾರಾಟವಾಗಿದ್ದುವು.

ಆಟಗಾರನು ಬರಿಗೈಯಲ್ಲಿ ಒಂದು ಕಾಡಿಗೆ ಬಂದು ನಿಲ್ಲುತ್ತಾನೆ. ಮರ ಕಡಿಯಬೇಕು, ಪಿಕಾಸಿ ಮಾಡಿಕೊಳ್ಳಬೇಕು, ಕಲ್ಲು ತೆಗೆದು ಮನೆ ಕಟ್ಟಬೇಕು. ಅಲ್ಲಿ ಒಂದು ಹಗಲೂ ಒಂದು ಇರುಳೂ ಸೇರಿದರೆ ನಮ್ಮ 20 ನಿಮಿಷ. ಕತ್ತಲಾದೊಡನೆ ರಾಕ್ಷಸರು ಹೊರಬೀಳುತ್ತಾರೆ. ಹೊಟ್ಟೆಯೂ ಹಸಿಯುತ್ತದೆ; ಆದುದರಿಂದ ಬೇಸಾಯ ಮಾಡಲೇಬೇಕು. ನೀರಿನಿಂದ ನಾಲ್ಕು ಚೌಕದೊಳಗಿನ ನೆಲ ಮಾತ್ರ ತೇವವಾಗಿರುತ್ತದೆ. ಉತ್ತ ನೆಲದ ಮೇಲೆ ನೆಗೆದಾಡಿದರೆ ಅದು ಕೆಡುತ್ತದೆ. ಹಲವರು ಕೂಡಿ ಆಡುವಾಗ ಇನ್ನೊಂದು ಸೊಗಸಾದ ನಿಯಮವಿದೆ. ಹಾಸಿಗೆಯಲ್ಲಿ ಮಲಗಿದರೆ ರಾತ್ರಿ ಬೇಗ ಕಳೆಯುತ್ತದೆ. ಆದರೆ ಸಾಮಾನ್ಯವಾಗಿ ಎಲ್ಲರೂ ಮಲಗಬೇಕು. ಒಬ್ಬನು ಎದ್ದಿದ್ದರೂ ಯಾರಿಗೂ ಬೇಗ ಬೆಳಗಾಗದು.

ತಾತನೂ ಮೊಮ್ಮಗನೂ

ಎಂಟನೆಯ ತರಗತಿಯಲ್ಲಿ ಓದುವ ನನ್ನ ಚಿಕ್ಕಪ್ಪನ ಮಗನೂ ಎಪ್ಪತ್ತು ದಾಟಿದ ನಮ್ಮ ತಾತನವರೂ ಕಳೆದ ಬೇಸಿಗೆಯ ರಜದಲ್ಲಿ ಈ ಆಟದ ಜೊತೆಗಾರರಾದರು. ಪಕ್ಕದಲ್ಲಿ ಕುಳಿತು ನಾನು ಗಮನಿಸಿದ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ಮೊದಲಲ್ಲಿ ಹುಡುಗನೇ ಗುರು, ತಾತನವರೇ ಶಿಷ್ಯರು. ನೇಗಿಲ ಮೇಣಿ ಹಿಡಿದು ಗಟ್ಟಿಯಾದ ಬೆರಳು ಗಾಜಿನ ಮೇಲೆ ಸಲೀಸಾಗಿ ಓಡದು. ಹುಡುಗನು ಬೇಸರಪಟ್ಟು ಫೋನನ್ನು ಕಿತ್ತುಕೊಂಡು ತಾನೇ ಆಡಿ ತೋರಿಸುತ್ತಿದ್ದನು. ಹೀಗೆ ಎರಡು ದಿನ ನಡೆಯಿತು. ತಾತನವರು ಏನನ್ನೂ ಕಲಿಯಲಿಲ್ಲ. ಮೂರನೆಯ ದಿನದಿಂದ ಅವನು ಕೈ ಕಟ್ಟಿ ಕುಳಿತು ಬಾಯಲ್ಲಿ ಮಾತ್ರ ಹೇಳತೊಡಗಿದನು. ತಾತನವರು ಆ ವಾರದೊಳಗೆ ಒಂದು ಗುಡಿಸಲು ಕಟ್ಟಿದರು. ಕಲಿಸುವುದೆಂದರೆ ಇನ್ನೊಬ್ಬರ ಕೆಲಸವನ್ನು ನಾವು ಮಾಡಿಕೊಡುವುದಲ್ಲ ಎಂಬುದು ಶಿಕ್ಷಕರಾಗಬಯಸುವ ನಮ್ಮಲ್ಲಿ ಅನೇಕರಿಗೆ ಉಪಯುಕ್ತವಾದ ಪಾಠ.

ಬರಬರುತ್ತಾ ಪಾಠ ತಿರುವುಮುರುವಾಯಿತು. ಹುಡುಗನಿಗೆ ಗುಹೆ ಹೊಕ್ಕು ಕಬ್ಬಿಣ, ವಜ್ರ ತರುವ ಆತುರ. ಹಸಿವಾಗಿ ಅರ್ಧದಾರಿಯಲ್ಲೇ ಸಾಯುತ್ತಿದ್ದನು. "ಮೊದ್ಲು ಕಣಜ ನೋಡ್ಕೋಳಪ್ಪ, ಆಮೇಲೆ ಗಣಿ" ಎಂದು ತಾತನವರು ಗೋಧಿ ಬೆಳೆದು, ಬಿತ್ತನೆಯ ಬೀಜವನ್ನು ಬೇರೆ ಪೆಟ್ಟಿಗೆಯಲ್ಲಿಡಿಸಿದರು. ನೆಲವನ್ನು ಒಂದು ಬೆಳೆ ಬೀಳು ಬಿಡೋಣವೆಂದು ಅವರು ಹೇಳಿದಾಗ, ಈ ಆಟದಲ್ಲಿ ನೆಲದ ಸಾರ ಇಳಿಯುವುದಿಲ್ಲವೆಂದು ಹುಡುಗನು ತಿದ್ದಿದನು, ಅವರು ಒಪ್ಪಿದರು. ಒಬ್ಬನಿಗೆ ಆಟದ ಕಟ್ಟಳೆ ಗೊತ್ತು, ಇನ್ನೊಬ್ಬರಿಗೆ ಮುಂದಿನ ದಿನಗಳ ಕಷ್ಟ ಗೊತ್ತು. ಎರಡೂ ಸೇರಿದಾಗಲೇ ಮನೆ ನಿಂತಿತು. ತಾತನವರು ಕತ್ತಲಾದರೂ ಹೊಲ ಬಿಟ್ಟು ಬಾರದಿದ್ದಾಗ ಹುಡುಗನು, "ಮಲ್ಕೋ ತಾತ, ನೀನು ಮಲಗ್ದಿದ್ರೆ ಬೆಳಕೇ ಆಗಲ್ಲ" ಎಂದು ಅಂಗಲಾಚುತ್ತಿದ್ದನು.

ಒಂದು ದಿನ ಹುಡುಗನು ನಾಲ್ಕು ಚೌಕದ ಗುಂಡಿ ತೋಡಿ, ಎದುರುಬದುರು ಮೂಲೆಗಳಿಗೆ ಒಂದೊಂದು ಬಕೆಟ್ಟು ನೀರು ಹುಯ್ದನು. ಈ ಆಟದಲ್ಲಿ ಅಂಥ ಗುಂಡಿ ಎಂದಿಗೂ ಬರಿದಾಗದು, ಮೊಗೆದಷ್ಟೂ ತುಂಬಿಕೊಳ್ಳುತ್ತದೆ. ತಾತನವರು ಮತ್ತೆ ಮತ್ತೆ ಮೊಗೆದು ನೋಡಿ, "ಬತ್ತದೇ ಇಲ್ವಾ? ಇಂಥಾ ನೀರು ಯಾವೂರಾಗೈತಪ್ಪ?" ಎಂದರು. "ಆಟದಾಗೆ ಹಂಗೇ ತಾತ" ಎಂದನು ಹುಡುಗ. ಆಗ ಅವರು ನಮ್ಮೂರ ಕೆರೆಯಂಗಳದ ತಲಪರಿಗೆಯ ವಿಚಾರ ಹೇಳಿದರು. ನಾನು ಅದನ್ನು ವಿವರವಾಗಿ ಕೇಳಿದ್ದು ಅದೇ ಮೊದಲು.

ತಲಪರಿಗೆ

ತಲಪರಿಗೆಯೆಂದರೆ ನೆಲದೊಳಗಿನ ಒರತೆ ತಾನಾಗಿ ಮೇಲಕ್ಕುಕ್ಕುವ ತಾಣ. ನಮ್ಮ ಈ ನಾಲ್ಕು ತಾಲ್ಲೂಕುಗಳು ಮಳೆ ಕಡಮೆಯಿರುವ, ಬಂಡೆಗುಡ್ಡಗಳ ಸೀಮೆ. ಗುಡ್ಡದ ಮೇಲೆ ಬಿದ್ದ ಮಳೆನೀರು ಬುಡದ ಮರಳುನೆಲದಲ್ಲಿ ಇಂಗಿ, ತಗ್ಗಿನಲ್ಲಿ ಒರತೆಯಾಗಿ ಕಾಣಿಸಿಕೊಳ್ಳುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆಯಲ್ಲಿ ಹರಿಯುವ ಜಯಮಂಗಲಿಯಂಥ ಹೊಳೆಗಳ ದಡ, ಹಳ್ಳದ ಬದಿ, ಕೆರೆಯಂಗಳ ಇವೇ ತಲಪರಿಗೆಯ ಜಾಗಗಳು. ಒರತೆಯ ಸುತ್ತ ಗುಂಡಿ ತೋಡಿ, ಕಾಲುವೆ ತೆಗೆದು ಹೊಲಕ್ಕೆ ನೀರು ಹಾಯಿಸುತ್ತಿದ್ದರು. ಏತ ಬೇಡ, ಮೋಟಾರು ಬೇಡ, ಇಳಿಜಾರೇ ಸಾಕು. ಕುಡಿಯಲು, ದನಕರುಗಳಿಗೆ, ಬೇಸಾಯಕ್ಕೆ ಅದೇ ನೀರು.

ಆದರೆ ಹೂಳು ತುಂಬಿದರೆ ಒರತೆಯ ಕಣ್ಣು ಮುಚ್ಚುತ್ತದೆ. ಆದುದರಿಂದ ವರ್ಷಕ್ಕೊಮ್ಮೆ ಊರೆಲ್ಲ ಸೇರಿ ಹೂಳೆತ್ತುವುದು ಪದ್ಧತಿ. ತಾತನವರು ಹೇಳುವಂತೆ, ಕಾಲುವೆಯ ಕೆಳಗೆ ಜಮೀನುಳ್ಳ ಪ್ರತಿ ಮನೆಯಿಂದಲೂ ಒಂದು ಆಳು ಬರಬೇಕು. ಬಾರದವರು ದಂಡ ತೆರಬೇಕು. ನೀರಿಗೆ ಸರದಿಯುಂಟು. ಮಳೆ ಸೋತ ವರ್ಷ ಎಲ್ಲರೂ ನಾಟಿಯನ್ನು ಕಡಮೆ ಮಾಡಬೇಕು. ಒಬ್ಬರು ಪೂರ್ತಿ ಬೆಳೆದು ಇನ್ನೊಬ್ಬರು ಒಣಗಿಸಿಕೊಳ್ಳುವಂತಿಲ್ಲ. ಮುದುಕರು ಒರತೆಯ ಕಣ್ಣು ಎಲ್ಲಿದೆಯೆಂದು ತೋರಿಸುತ್ತಿದ್ದರು, ಯುವಕರು ಗುದ್ದಲಿ ಹಾಕುತ್ತಿದ್ದರು, ಮಕ್ಕಳು ಮಣ್ಣು ಹೊರುತ್ತಿದ್ದರು. ಯಾರೂ ಇದನ್ನು ಶಿಕ್ಷಣವೆಂದು ಕರೆಯಲಿಲ್ಲ. ಆದರೂ ಮಣ್ಣು ಹೊತ್ತ ಮಗುವೇ ಮುಂದೊಂದು ದಿನ ಕಣ್ಣು ತೋರಿಸುವ ಮುದುಕನಾಗುತ್ತಿದ್ದನು.

ಎರಡರ ಹೋಲಿಕೆ

ಕೊಳವೆಬಾವಿಗಳು ಬಂದ ಮೇಲೆ ಈ ಸರಪಳಿ ಸಡಿಲವಾಯಿತು. ತನ್ನ ಹೊಲದಲ್ಲೇ ಗುಂಡಿಯೊತ್ತಿದರೆ ನೀರು ಬರುವಾಗ ಊರಿನ ಹೂಳೆತ್ತಲು ಹೋಗುವವರಾರು? ಅಂತರ್ಜಲ ಇಳಿಯಿತು, ಹೊಳೆಗಳ ಮರಳನ್ನೂ ಸಾಗಿಸಿದರು, ಎಷ್ಟೋ ತಲಪರಿಗೆಗಳು ಬತ್ತಿದುವು. ಆಳದ ನೀರಿಗೆ ಇನ್ನೊಂದು ದೋಷವೂ ಉಂಟು. ಪಾವಗಡದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುತ್ತದೆ, ಮೂಳೆ ಕೀಲುಗಳು ಬಿಗಿಯುತ್ತವೆ. ಕೊಳವೆಬಾವಿಯನ್ನು ಕೊರೆಸಿದವರು ದುಷ್ಟರೆಂದು ನಾನು ಹೇಳುವುದಿಲ್ಲ. ಬರಗಾಲದಲ್ಲಿ ಮಕ್ಕಳನ್ನು ಸಾಕಿದ ನಮ್ಮ ತಂದೆ ತಾಯಿಯರೇ ಅವರು. ಆದರೆ ಬತ್ತದ ನೀರಿನ ಆಟವನ್ನು ಬತ್ತುವ ನೀರಿನ ಮೇಲೆ ಆಡಿದೆವೆಂಬುದು ಸತ್ಯ. ಒಂದೇ ಲೋಕದಲ್ಲಿದ್ದು ಒಬ್ಬೊಬ್ಬರೂ ಒಂಟಿಯಾಗಿ ಆಡಿದೆವು.

ಅಮೆರಿಕದ ಎಲಿನಾರ್ ಆಸ್ಟ್ರಂ ಎಂಬ ವಿದುಷಿ 1990ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಎಲ್ಲರಿಗೂ ಸೇರಿದ ನೀರು, ಕಾಡು, ಹುಲ್ಲುಗಾವಲು ಹಾಳಾಗಲೇಬೇಕೆಂದಿಲ್ಲ ಎಂದು ತೋರಿಸಿದರು. ಬಳಸುವವರೇ ಕಟ್ಟಳೆ ಮಾಡಿ, ತಾವೇ ಕಾವಲಿದ್ದು, ತಪ್ಪಿಗೆ ತಕ್ಕ ದಂಡ ವಿಧಿಸುವಲ್ಲಿ ಅವು ಬಹುಕಾಲ ಉಳಿದಿವೆ. ಇದಕ್ಕಾಗಿ 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ತಲಪರಿಗೆಯ ಕಟ್ಟಳೆಯನ್ನು ಓದುಬಾರದ ನಮ್ಮ ಹಿರಿಯರು ಇದೇ ಆಧಾರದ ಮೇಲೆ ನಡೆಸಿದ್ದರು. ಮಾರ್ಗರೆಟ್ ಮೀಡ್ ಎಂಬ ಮಾನವಶಾಸ್ತ್ರಜ್ಞೆ 1970ರಲ್ಲಿ ಸಮಾಜಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ಕಿರಿಯರು ಹಿರಿಯರಿಂದ ಕಲಿಯುವುದು, ಸಮವಯಸ್ಕರು ತಮ್ಮತಮ್ಮಲ್ಲೇ ಕಲಿಯುವುದು, ಹಿರಿಯರು ಕಿರಿಯರಿಂದ ಕಲಿಯುವುದು. ಇಂದು ನಮ್ಮ ಒಂದೊಂದು ಮನೆಯ ಜಗುಲಿಯಲ್ಲೂ ಈ ಮೂರೂ ಒಟ್ಟಿಗೆ ನಡೆಯಬೇಕಾಗಿದೆ. ಒಂದೇ ನಡೆದರೆ ಕಲಿಕೆ ಕುಂಟುತ್ತದೆ.

ನಾವು ಮಾಡಬಹುದಾದುದು

ಆಟವನ್ನು ಊರಿನ ಕೆಲಸಕ್ಕೆ ತಿರುಗಿಸಬಹುದೆಂಬುದಕ್ಕೆ ನಿದರ್ಶನವುಂಟು. 2012ರಿಂದ ವಿಶ್ವಸಂಸ್ಥೆಯ ವಸತಿ ವಿಭಾಗವು ಮೈನ್‌ಕ್ರಾಫ್ಟ್ ತಯಾರಕರೊಡನೆ ಸೇರಿ, ಬಡಾವಣೆಯ ನಿವಾಸಿಗಳೇ ತಮ್ಮ ಸಾರ್ವಜನಿಕ ಜಾಗವನ್ನು ಆಟದೊಳಗೆ ಕಟ್ಟಿ ತೋರಿಸುವ ಯೋಜನೆ ನಡೆಸಿತು. ಕೀನ್ಯಾ ದೇಶದ ನೈರೋಬಿಯ ಕಿಬೇರಾ ಅಂಥದೊಂದು ಸ್ಥಳ.

ನಮ್ಮಿಂದಲೂ ಇದು ಸಾಧ್ಯ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ಹೋದಾಗ ಆ ಊರಿನ ತಲಪರಿಗೆ ಎಲ್ಲಿತ್ತು, ಅದರ ಕಟ್ಟಳೆಯೇನಿತ್ತು, ಕಡೆಯ ಬಾರಿ ಹೂಳೆತ್ತಿದ್ದು ಯಾವಾಗ ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳೋಣ. ಸಾಧ್ಯವಾದಲ್ಲಿ ಅವರನ್ನೇ ಮುಂದೆ ನಿಲ್ಲಿಸಿಕೊಂಡು ಗುದ್ದಲಿ ಹಿಡಿಯೋಣ. ಆ ಕೆರೆ, ಗುಡ್ಡ, ಕಾಲುವೆಗಳನ್ನು ಊರಿನ ಶಾಲಾ ಮಕ್ಕಳು ಆಟದಲ್ಲಿ ಕಟ್ಟಲಿ. ಆಟದ ಕಂಪ್ಯೂಟರ್ ಆವೃತ್ತಿಯೊಂದರಲ್ಲಿ 2022ರಿಂದ ಆ ಬತ್ತದ ನೀರಿನ ನಿಯಮವನ್ನು ತೆಗೆದುಹಾಕುವ ಅನುಕೂಲವೂ ಇದೆ. ಅದನ್ನು ತೆಗೆದು, ತಾತಂದಿರ ಸರದಿಯ ಕಟ್ಟಳೆಯನ್ನು ಹಾಕಿ ಮಕ್ಕಳು ಆಡಿ ನೋಡಲಿ. ಯಾರ ಪೈರು ಉಳಿಯುತ್ತದೆ, ಏಕೆ ಉಳಿಯುತ್ತದೆ ಎಂಬುದು ಭಾಷಣವಿಲ್ಲದೆಯೇ ತಿಳಿಯುತ್ತದೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಈ ಕಾಲೇಜಿನಲ್ಲಿ ನನ್ನಂಥವರು ಅನೇಕರಿದ್ದಾರೆ. ಪುಸ್ತಕದಲ್ಲಿಲ್ಲದುದು ವಿದ್ಯೆಯೇ ಅಲ್ಲವೆಂದು ಭಾವಿಸುವ ಅಪಾಯ ನಮಗೇ ಹೆಚ್ಚು. ಒರತೆಯ ಕಣ್ಣು ಎಲ್ಲಿದೆಯೆಂಬುದು ಯಾವ ಪಠ್ಯದಲ್ಲೂ ಅಚ್ಚಾಗಿಲ್ಲ. ಅದು ನಮ್ಮೂರಿನ ಕೆಲವೇ ಮುದುಕರ ನೆನಪಿನಲ್ಲಿದೆ. ಪದವಿ ಪಡೆದು ಹೊರಡುವ ಮುನ್ನ ನಾವು ಅವರ ಬಳಿ ಕುಳಿತು ಅದನ್ನು ಕೇಳಿಕೊಂಡರೆ, ನಮ್ಮ ಓದು ನಮ್ಮೂರಿಗೂ ಸಂದೀತು.